ಹಳ್ಳಿಯ ಬಸ್ಸೂ ಪೇಟೆಯ ಸಂಚಾರವೂ

ಪಟ್ಟಣವಾಸಿಗಳಾದ ನಮಗೆ ಬಸ್ಸು ತಪ್ಪುವುದೆಂಬುದು ಅಷ್ಟೇನೂ ದೊಡ್ಡ ಸಂಗತಿಯಲ್ಲ. ಒಂದು ಹೋದರೆ ಅದರ ಹಿಂದೆಯೇ ಮತ್ತೊಂದು ಬರುವುದು. ಅದೂ ತುಂಬಿದ್ದರೆ ಮೂರನೆಯದು. ಕಾಯುವ ಹೊತ್ತನ್ನು ನಾವು ನಿಮಿಷಗಳಲ್ಲಿ ಎಣಿಸುವವರು. ದಿನಕ್ಕೆ ನಾಲ್ಕೈದು ಸಲ ಮಾತ್ರ ಬಸ್ಸು ಮುಖ ತೋರಿಸುವ ಹಳ್ಳಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಬಸ್ಸು ತಪ್ಪಿತೆಂದರೆ ಆ ದಿನದ ಕೂಲಿ ತಪ್ಪಿತು, ಕಾಲೇಜಿನ ಹಾಜರಿ ತಪ್ಪಿತು, ಆಸ್ಪತ್ರೆಯ ಚೀಟಿಯ ಸರದಿ ತಪ್ಪಿತು ಎಂದೇ ಅರ್ಥ. ಇನ್ನೂ ಒಂದು ಸೂಕ್ಷ್ಮವುಂಟು. ಹಳ್ಳಿಯವನು ತನ್ನೂರಿನ ಬಸ್ಸನ್ನು ತಪ್ಪದೆ ಹಿಡಿದರೂ, ಪೇಟೆಯ ನಿಲ್ದಾಣದಲ್ಲಿ ಅವನು ಇಳಿಯುವ ಹೊತ್ತಿಗೆ ಮುಂದಿನ ಊರಿನ ಬಸ್ಸು ಹೊರಟುಹೋಗಿದ್ದರೆ ಅವನ ಪ್ರಯತ್ನವೆಲ್ಲ ಅಲ್ಲಿಗೆ ನಿಂತಿತು. ಬಸ್ಸುಗಳ ಸಂಖ್ಯೆಯ ವಿಚಾರವಾಗಿ ಸಭೆಗಳಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ಇರಬೇಕಾದ ಸಂಬಂಧದ ವಿಚಾರವಾಗಿ ಮಾತು ಬಹಳ ಕಡಮೆ. ಈ ಸಂಬಂಧವನ್ನೇ ನಾವು ಇಂದು ಎತ್ತಿಕೊಂಡಿದ್ದೇವೆ. ವಿಷಯ ಹೊಳೆಯುವಂತಾಗಲೆಂದು ಒಂದು ಸೀಮೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ.

ಆ ಸೀಮೆ ಬಾಗಲಕೋಟೆ ಜಿಲ್ಲೆಯ ಉತ್ತರಭಾಗ. ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಕರಿಮಣ್ಣಿನ ನೆಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಊರುಗಳು ಇಲ್ಲಿವೆ. 2011ರ ಜನಗಣತಿಯಂತೆ ರಬಕವಿ-ಬನಹಟ್ಟಿಯಲ್ಲಿ ಸುಮಾರು 77 ಸಾವಿರ, ಜಮಖಂಡಿಯಲ್ಲಿ ಸುಮಾರು 69 ಸಾವಿರ, ಮುಧೋಳದಲ್ಲಿ ಸುಮಾರು 52 ಸಾವಿರ ಜನರಿದ್ದರು. ಬೀಳಗಿ ಇವುಗಳಿಗಿಂತ ಬಹಳ ಚಿಕ್ಕದು. ನಕ್ಷೆಯನ್ನು ತೆರೆದು ನೋಡಿದರೆ ಮೊದಲ ಮೂರು ಊರುಗಳು ಒಂದು ತ್ರಿಕೋನದ ಮೂಲೆಗಳಂತೆ ಹತ್ತಿರ ಹತ್ತಿರದಲ್ಲಿ ಕಾಣುತ್ತವೆ. ರಬಕವಿಗೂ ಮುಧೋಳಕ್ಕೂ ನಡುವೆ ಮಹಾಲಿಂಗಪುರವೂ ಉಂಟು. ಬೀಳಗಿ ಮಾತ್ರ ಪೂರ್ವಕ್ಕೆ ಸರಿದು, ಆಲಮಟ್ಟಿಯ ಹಿನ್ನೀರಿನ ಮಗ್ಗುಲಲ್ಲಿ ನಿಂತಿದೆ. ಅದರ ಮುಖ ಬಾಗಲಕೋಟೆಯ ಕಡೆಗೆ. ಯಾವ ಊರೂ ಒಂಟಿಯಾಗಿ ಮಹಾನಗರವಲ್ಲ. ಆದರೆ ನೇಕಾರಿಕೆ ಒಂದೆಡೆ, ಸಕ್ಕರೆ ಕಾರ್ಖಾನೆಗಳು ಇನ್ನೊಂದೆಡೆ, ಕಾಲೇಜುಗಳೂ ಕಚೇರಿಗಳೂ ಮತ್ತೊಂದೆಡೆ ಹಂಚಿಹೋಗಿರುವುದರಿಂದ, ಇಲ್ಲಿಯ ಜನರ ಮಟ್ಟಿಗೆ ಈ ಊರುಗಳೆಲ್ಲ ಸೇರಿ ಒಂದೇ ಪಟ್ಟಣ. ಬೀದಿಗಳ ಬದಲು ಕಬ್ಬಿನ ಗದ್ದೆಗಳು ನಡುವೆ ಇರುವವೆಂಬುದಷ್ಟೇ ವ್ಯತ್ಯಾಸ.

ಈ ಒಂದೇ ಪಟ್ಟಣ ಒಂದು ಕಾಲದಲ್ಲಿ ನಾಲ್ಕು ಆಡಳಿತಗಳಿಗೆ ಹಂಚಿಹೋಗಿತ್ತೆಂಬುದನ್ನು ಕೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಜಮಖಂಡಿ ಪಟವರ್ಧನರ ಸಂಸ್ಥಾನ. ಬನಹಟ್ಟಿ ಅದಕ್ಕೆ ಸೇರಿದ್ದು. ಬನಹಟ್ಟಿಗೆ ಅಂಟಿಕೊಂಡ ರಬಕವಿಯಾದರೋ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರ ಸಂಸ್ಥಾನ; ಮಹಾಲಿಂಗಪುರ ಅದರ ಪಾಲು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗೆ ಇತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಅದೇ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿ ಸರ್ಕಾರದ ಸಾರಿಗೆಯ ಮೊದಲ ಬಸ್ಸು ಪುಣೆಯಿಂದ ಅಹಮದನಗರಕ್ಕೆ ಓಡಿತು. ಕೆಲವು ತಿಂಗಳುಗಳ ಅನಂತರ, ಸೆಪ್ಟೆಂಬರಿನಲ್ಲಿ, ಮೈಸೂರು ಸರ್ಕಾರವೂ 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1956ರಲ್ಲಿ ಪ್ರಾಂತಗಳ ಪುನರ್ವಿಂಗಡಣೆಯಾದಾಗ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. 1961ರಲ್ಲಿ ರಸ್ತೆ ಸಾರಿಗೆ ನಿಗಮ ಸ್ಥಾಪಿತವಾಯಿತು. 1997ರಲ್ಲಿ ಅದರಿಂದ ಬೇರ್ಪಟ್ಟು ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡ ವಾಯವ್ಯ ಕರ್ನಾಟಕದ ಸಂಸ್ಥೆ ಹುಟ್ಟಿತು. ಅದೇ ವರ್ಷ ಬಾಗಲಕೋಟೆಯೂ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತಗಳು ಹೀಗೆ ಒಂದಾದುವು. ಬಸ್ಸುಗಳ ಗಡಿಯಾರಗಳು ಒಂದಾದುವೆ ಎಂಬುದು ಬೇರೆ ಪ್ರಶ್ನೆ.

ರೈಲನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮಹಾರಾಷ್ಟ್ರ ರೈಲ್ವೆಯವರು ಕಂಬಿಗಳನ್ನು ಹಾಸಿದಾಗ ಒಂದು ಮಾರ್ಗ ಪೂರ್ವದಲ್ಲಿ ಬಾಗಲಕೋಟೆಯ ಮೇಲೆ, ಇನ್ನೊಂದು ಪಶ್ಚಿಮದಲ್ಲಿ ಕುಡಚಿಯ ಮೇಲೆ ಹಾದುಹೋಯಿತು. ನಡುವಣ ನೆಲ ಹಾಗೆಯೇ ಉಳಿಯಿತು. ಈ ಎರಡನ್ನೂ ಜೋಡಿಸುವ ಸುಮಾರು 142 ಕಿಲೋಮೀಟರ್ ಉದ್ದದ ಬಾಗಲಕೋಟೆ-ಕುಡಚಿ ಮಾರ್ಗ 2010-11ರಲ್ಲಿ ಮಂಜೂರಾಯಿತು. ಬಾಗಲಕೋಟೆಯ ಕಡೆಯಿಂದ ಸ್ವಲ್ಪ ಭಾಗ ಸಿದ್ಧವಾಗಿದೆಯಾದರೂ ಪೂರ್ತಿ ಮಾರ್ಗಕ್ಕೆ ಜನ ಇನ್ನೂ ದಾರಿ ನೋಡುತ್ತಲೇ ಇದ್ದಾರೆ. ಆದ್ದರಿಂದ ಇಲ್ಲಿ ಸಾರ್ವಜನಿಕ ಸಂಚಾರವೆಂದರೆ ರಸ್ತೆಯ ಮೇಲಿನ ಸಂಚಾರವೇ.

ಹಳ್ಳಿಯ ಬಸ್ಸಿನ ದಿನಚರಿಯನ್ನು ಈಗ ನೋಡೋಣ. ಬಹುಮಟ್ಟಿಗೆ ಅದು ಹಿಂದಿನ ರಾತ್ರಿಯೇ ಆರಂಭವಾಗುವುದು. ಸಂಜೆ ಪೇಟೆಯನ್ನು ಬಿಟ್ಟ ಕೊನೆಯ ಬಸ್ಸು ಹಳ್ಳಿಯಲ್ಲಿಯೇ ತಂಗುತ್ತದೆ. ಇದಕ್ಕೆ ಆ ಕಡೆ ವಸ್ತಿ ಬಸ್ಸು ಎಂದು ಹೆಸರು. ಡ್ರೈವರೂ ಕಂಡಕ್ಟರೂ ಅಲ್ಲಿಯೇ ಮಲಗಿ, ಬೆಳಗ್ಗೆ ಎದ್ದು, ಹಾಲಿನವರನ್ನೂ ತರಕಾರಿಯವರನ್ನೂ ಶಾಲೆಯ ಮಕ್ಕಳನ್ನೂ ತುಂಬಿಕೊಂಡು ಪೇಟೆಗೆ ಬರುವರು. ಪಾಶ್ಚಾತ್ಯ ದೇಶಗಳ ಸಾರಿಗೆಯ ಗ್ರಂಥಗಳಲ್ಲಿ ಈ ವಸ್ತಿ ಬಸ್ಸಿಗೆ ಸಮಾನವಾದ ಪದ್ಧತಿಯನ್ನು ನಾವು ಹೆಚ್ಚಾಗಿ ಕಂಡಿಲ್ಲ. ಇದು ನಮ್ಮವರ ಜಾಣತನ. ಬೆಳಗ್ಗೆ ಡಿಪೋದಿಂದ ಹಳ್ಳಿಯವರೆಗೆ ಬರಿದಾಗಿ ಓಡಬೇಕಾದ ಖರ್ಚು ಇದರಿಂದ ಉಳಿಯುತ್ತದೆ. ಹಳ್ಳಿಗೆ ಕೊನೆಯ ಬಸ್ಸೂ ಮೊದಲ ಬಸ್ಸೂ ಖಂಡಿತವಾಗಿ ಉಂಟೆಂಬ ಧೈರ್ಯ ಸಿಕ್ಕುತ್ತದೆ.

ಬಸ್ಸು ಪೇಟೆಯ ನಿಲ್ದಾಣದೊಳಗೆ ಬಂದು ನಿಂತಿತು. ತೊಡಕು ಆರಂಭವಾಗುವುದು ಇಲ್ಲಿಂದ. ಇಳಿದವರಲ್ಲಿ ಕೆಲವರಿಗೆ ನಿಲ್ದಾಣದ ಸುತ್ತಣ ಪೇಟೆಯಲ್ಲಿಯೇ ಕೆಲಸ, ಅವರಿಗೆ ಚಿಂತೆಯಿಲ್ಲ. ಉಳಿದವರಲ್ಲಿ ಒಂದು ಪಾಲು ಊರಿನ ಇನ್ನೊಂದು ತುದಿಯಲ್ಲಿರುವ ಕಾಲೇಜಿಗೋ ಕಚೇರಿಗೋ ಆಸ್ಪತ್ರೆಗೋ ಹೋಗಬೇಕಾದವರು. ಮತ್ತೊಂದು ಪಾಲು ನೆರೆಯ ಪೇಟೆಗೆ ಹೋಗತಕ್ಕವರು: ಜಮಖಂಡಿಯ ಹಳ್ಳಿಯಿಂದ ಬನಹಟ್ಟಿಯ ಮಗ್ಗಗಳಿಗೆ, ಮುಧೋಳದ ಹಳ್ಳಿಯಿಂದ ಜಮಖಂಡಿಯ ಕಾಲೇಜಿಗೆ, ಹೀಗೆ. ಮೊದಲನೆಯವರಿಗೆ ಊರೊಳಗಿನ ಬಸ್ಸು ಬೇಕು. ಎರಡನೆಯವರಿಗೆ ಊರಿಂದೂರಿಗೆ ಹೋಗುವ ಬಸ್ಸು ಆ ಹೊತ್ತಿಗೆ ಅಲ್ಲಿ ನಿಂತಿರಬೇಕು. ಬೆಂಗಳೂರು ಮೈಸೂರುಗಳಲ್ಲಿರುವಂಥ ದೊಡ್ಡ ನಗರಸಾರಿಗೆಯನ್ನು ಇಷ್ಟು ಚಿಕ್ಕ ಊರುಗಳಲ್ಲಿ ಪ್ರತ್ಯೇಕವಾಗಿ ನಡೆಸುವುದು ಲಾಭಕರವಲ್ಲ. ಆದ್ದರಿಂದ ಆ ಸ್ಥಾನವನ್ನು ಟಂಟಂ ಎಂಬ ಮೂರು ಗಾಲಿಯ ಗಾಡಿಗಳು ಆಕ್ರಮಿಸಿಕೊಂಡಿವೆ. ಅವು ಹೊರಡುವುದು ಗಡಿಯಾರ ನೋಡಿ ಅಲ್ಲ, ತುಂಬಿದಾಗ. ತುಂಬಿತೆಂಬುದಕ್ಕೆ ಅವುಗಳ ಚಾಲಕರು ಕೊಡುವ ಅರ್ಥ ನಿಘಂಟಿನಲ್ಲಿ ಸಿಕ್ಕುವಂಥದ್ದಲ್ಲ! 1988ರ ಮೋಟಾರು ವಾಹನಗಳ ಅಧಿನಿಯಮದಂತೆ ದಾರಿಯುದ್ದಕ್ಕೂ ಬಿಡಿ ಬಿಡಿಯಾಗಿ ಜನರನ್ನು ಹತ್ತಿಸಿ ಇಳಿಸುವ ಅಧಿಕಾರ ಬಾಡಿಗೆಯ ಕರಾರಿನ ವಾಹನಗಳಿಗೆ ಇಲ್ಲ. ಆದರೂ ಅವು ನಡೆಯುತ್ತಿರುವುದೇಕೆಂದರೆ, ಬಸ್ಸು ಬಿಟ್ಟ ಕಂದರವನ್ನು ಯಾರಾದರೂ ತುಂಬಲೇ ಬೇಕಷ್ಟೆ. ಟಂಟಮ್ಮನ್ನು ಬಯ್ದು ಪ್ರಯೋಜನವಿಲ್ಲವೆಂದು ನಮ್ಮ ಮತ.

ಊರೊಳಗಿನ ತೊಡಕಿಗೆ ಒಂದು ಸುಲಭವಾದ ಉಪಾಯವಿದೆ. ಜಮಖಂಡಿಯಂಥ ಊರಿಗೆ ಪಶ್ಚಿಮದ ಹಳ್ಳಿಗಳಿಂದಲೂ ಪೂರ್ವದ ಹಳ್ಳಿಗಳಿಂದಲೂ ಬಸ್ಸುಗಳು ಬರುತ್ತವೆ. ಎಲ್ಲವೂ ನಿಲ್ದಾಣಕ್ಕೆ ಬಂದು, ಜನರನ್ನು ಇಳಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತವೆ. ಇದಕ್ಕೆ ಬದಲಾಗಿ ಪಶ್ಚಿಮದಿಂದ ಬಂದ ಬಸ್ಸು ನಿಲ್ದಾಣದಲ್ಲಿ ಐದು ನಿಮಿಷ ನಿಂತು, ಊರನ್ನು ಅಡ್ಡಲಾಗಿ ದಾಟಿ, ಪೂರ್ವದ ಹಳ್ಳಿಗೆ ಹೋಗಲಿ. ಪೂರ್ವದ್ದು ಪಶ್ಚಿಮಕ್ಕೆ ಹೋಗಲಿ. ಹಾಗೆ ಮಾಡಿದರೆ ಒಂದು ಬಸ್ಸನ್ನೂ ಹೆಚ್ಚಿಸದೆ, ಊರ ನಡುವೆ ತುದಿಯಿಂದ ತುದಿಗೆ ಓಡಾಡುವ ಬಸ್ಸುಗಳ ಒಂದು ಸಾಲೇ ದೊರಕುತ್ತದೆ. ಹಳ್ಳಿಯ ಬಸ್ಸೇ ಪೇಟೆಯ ಬಸ್ಸೂ ಆಗುವುದು. ಬೆಂಗಳೂರಿನಲ್ಲಿ ನಗರದ ಬಸ್ಸು ಬೆಳೆದು ಸುತ್ತಣ ಹಳ್ಳಿಗಳನ್ನು ಮುಟ್ಟಿದೆ. ಇಲ್ಲಿ ಹಳ್ಳಿಯ ಬಸ್ಸು ಬೆಳೆದು ನಗರವನ್ನು ದಾಟಬೇಕು. ಎರಡು ಕಡೆಯ ಹಳ್ಳಿಗಳ ದೂರವೂ ಜನಸಂದಣಿಯೂ ಹೆಚ್ಚು ಕಡಮೆ ಸಮನಾಗಿರುವ ಜೋಡಿಗಳನ್ನು ಆರಿಸಿಕೊಳ್ಳಬೇಕೆಂಬುದೊಂದು ನಿಬಂಧನೆ. ಒಂದು ಕಡೆ ತಡವಾದರೆ ಆ ತಡ ಇನ್ನೊಂದು ಕಡೆಗೂ ಸಾಗುವುದೆಂಬ ದೋಷವೂ ಉಂಟು; ನಿಲ್ದಾಣದಲ್ಲಿ ನಿಲ್ಲುವ ಆ ಐದು ನಿಮಿಷ ಈ ದೋಷವನ್ನು ಹೀರಿಕೊಳ್ಳುವುದಕ್ಕಾಗಿಯೇ ಇದೆ.

ಊರಿಂದೂರಿನ ತೊಡಕು ಇದಕ್ಕಿಂತ ಆಳವಾದುದು. ಅದನ್ನು ಬಿಡಿಸುವ ರೀತಿಯನ್ನು ಸ್ವಿಟ್ಜರ್ಲೆಂಡಿನವರಿಂದ ಕಲಿಯಬಹುದು. ಅದು ಬೆಟ್ಟಗಳ ದೇಶ. ಅಲ್ಲಿಯೂ ಮಹಾನಗರಗಳು ಕಡಮೆ, ಸಣ್ಣ ಪಟ್ಟಣಗಳು ಹೆಚ್ಚು. 1982ರಲ್ಲಿ ಅವರು ದೇಶಕ್ಕೆಲ್ಲ ಒಂದು ನಿಯತ ವೇಳಾಪಟ್ಟಿಯನ್ನು ತಂದರು. ಒಂದು ನಿಲ್ದಾಣದಿಂದ ಒಂದು ಗಾಡಿ ಏಳು ಗಂಟೆ ಐದು ನಿಮಿಷಕ್ಕೆ ಹೊರಟರೆ ಎಂಟು ಐದಕ್ಕೂ ಒಂಬತ್ತು ಐದಕ್ಕೂ, ಹೀಗೆ ಇಡೀ ದಿನ ಅದೇ ನಿಮಿಷಕ್ಕೆ ಹೊರಡುವುದು. 1987ರ ಡಿಸೆಂಬರಿನಲ್ಲಿ ಆ ದೇಶದ ಜನ ಮತ ಹಾಕಿ ಇದರ ಮುಂದಿನ ಹೆಜ್ಜೆಯನ್ನು ಒಪ್ಪಿಕೊಂಡರು: ಮುಖ್ಯ ನಿಲ್ದಾಣಗಳ ನಡುವಣ ಪ್ರಯಾಣ ಒಂದು ಗಂಟೆಗಿಂತ ಸ್ವಲ್ಪ ಕಡಮೆಯಾಗುವಂತೆ ದಾರಿಗಳನ್ನು ತಿದ್ದುವುದು, ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಎಲ್ಲ ದಿಕ್ಕುಗಳ ಗಾಡಿಗಳೂ ಬಂದು ಸೇರುವುದು, ಜನ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ ಮೇಲೆ ಎಲ್ಲವೂ ಒಟ್ಟಿಗೆ ಹೊರಟುಹೋಗುವುದು. ಬೆಟ್ಟದ ಹಳ್ಳಿಗಳಿಗೆ ಹೋಗುವ ಹಳದಿ ಬಣ್ಣದ ಅಂಚೆಯ ಬಸ್ಸು ರೈಲಿಗಾಗಿ ನಿಲ್ದಾಣದ ಬಾಗಿಲಲ್ಲಿ ಕಾದಿರುವುದು. ಗಾಡಿ ಆದಷ್ಟು ವೇಗವಾಗಿ ಓಡಬೇಕೆಂಬುದು ಅವರ ಗುರಿಯಾಗಿರಲಿಲ್ಲ. ಮುಂದಿನ ಕೂಟಕ್ಕೆ ತಲಪುವಷ್ಟು ವೇಗ ಸಾಕೆಂದು ಅವರು ತೀರ್ಮಾನಿಸಿದರು.

ಈ ಕೂಟದ ಮಹತ್ತ್ವವನ್ನು ಸ್ವಲ್ಪ ಗಣಿತದಿಂದ ತಿಳಿಯಬಹುದು. ಒಂದು ನಿಲ್ದಾಣಕ್ಕೆ ಆರು ದಿಕ್ಕುಗಳಿಂದ ಗಂಟೆಗೊಂದರಂತೆ ಬಸ್ಸುಗಳು ಬರುತ್ತವೆಂದು ಭಾವಿಸೋಣ. ಒಂದೊಂದು ದಿಕ್ಕಿನವನೂ ಉಳಿದ ಐದು ದಿಕ್ಕುಗಳಲ್ಲಿ ಯಾವುದಕ್ಕಾದರೂ ಹೋಗಬಹುದಾದ್ದರಿಂದ ಆರೈದಲೆ ಮೂವತ್ತು ಜೋಡಣೆಗಳಾದುವು. ಬಸ್ಸುಗಳು ತಮತಮಗೆ ತೋರಿದಂತೆ ಬಂದುಹೋದರೆ, ಇಳಿದವನು ಸರಾಸರಿ ಅರ್ಧ ಗಂಟೆ ಕಾಯಬೇಕು. ದುರದೃಷ್ಟವಂತನು ಒಂದು ಗಂಟೆ. ಮೂವತ್ತು ಜೋಡಣೆಗಳನ್ನೂ ಒಂದೊಂದಾಗಿ ಸರಿಪಡಿಸಲು ಹೊರಟ ಅಧಿಕಾರಿಗೆ ಹುಚ್ಚು ಹಿಡಿಯುವುದು ನಿಶ್ಚಯ. ಒಂದನ್ನು ಎಳೆದರೆ ಇನ್ನೊಂದು ಹರಿಯುವುದು. ಆರು ಬಸ್ಸುಗಳೂ ಎಂಟೂ ಇಪ್ಪತ್ತರಿಂದ ಎಂಟೂ ಇಪ್ಪತ್ತೇಳರ ಒಳಗೆ ಬಂದು, ಎಂಟೂ ಮೂವತ್ತೈದಕ್ಕೆ ಒಟ್ಟಿಗೆ ಹೊರಡುವಂತೆ ಮಾಡಿದರೆ ಮೂವತ್ತು ಜೋಡಣೆಗಳೂ ಒಂದೇ ಏಟಿಗೆ ಕೂಡಿಬರುವುವು. ಕಾಯುವ ಹೊತ್ತು ಕಾಲು ಗಂಟೆಯನ್ನು ಮೀರದು. ಒಂದು ಲೀಟರ್ ಡೀಸೆಲೂ ಹೆಚ್ಚಿಗೆ ಬೇಕಾಗಲಿಲ್ಲ. ಬೇಕಾದುದು ಒಂದು ಒಪ್ಪಂದ ಮಾತ್ರ.

ಇದನ್ನು ನಮ್ಮ ತ್ರಿಕೋನಕ್ಕೆ ಹೊಂದಿಸಿ ನೋಡಬಹುದು. ಜಮಖಂಡಿಗೂ ಮುಧೋಳಕ್ಕೂ ನಡುವಣ ದಾರಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ನಡುವಣ ನಿಲುಗಡೆಗಳನ್ನೂ ಸೇರಿಸಿ ಸಾಮಾನ್ಯ ಬಸ್ಸಿಗೆ ಮುಕ್ಕಾಲು ಗಂಟೆಯಿಂದ ಐವತ್ತು ನಿಮಿಷ ಕೊಟ್ಟರೆ ಧಾರಾಳವಾಯಿತು. ಜಮಖಂಡಿಯ ಕೂಟದಿಂದ ಎಂಟೂ ಮೂವತ್ತೈದಕ್ಕೆ ಹೊರಟ ಬಸ್ಸು ಒಂಬತ್ತೂ ಇಪ್ಪತ್ತೈದಕ್ಕೆ ಮುಧೋಳವನ್ನು ಸೇರುವುದು. ಅಲ್ಲಿ ಒಂಬತ್ತೂವರೆಯ ಕೂಟ ಅದಕ್ಕಾಗಿ ಸಿದ್ಧವಾಗಿರುವುದು. ಅಂದರೆ ಎರಡು ಊರುಗಳೂ ಅರ್ಧ ಗಂಟೆಯ ಮುಳ್ಳಿನ ಮೇಲೆಯೇ ತಮ್ಮ ಕೂಟಗಳನ್ನು ನಡೆಸಬಹುದು. ಜಮಖಂಡಿಯಿಂದ ಬನಹಟ್ಟಿ ಇದಕ್ಕಿಂತ ಸ್ವಲ್ಪ ಹತ್ತಿರ. ಉಳಿದ ಹತ್ತು ನಿಮಿಷಗಳಲ್ಲಿ ಅದೇ ಬಸ್ಸು ಬನಹಟ್ಟಿಯನ್ನು ದಾಟಿ, ಮಗ್ಗಗಳ ಓಣಿಗಳ ಬದಿಯಿಂದ ಹಾದು, ರಬಕವಿಯವರೆಗೂ ಹೋಗಿ ಅವಳಿ ಊರಿನ ನಗರಬಸ್ಸಿನ ಕೆಲಸವನ್ನೂ ಮಾಡಬಹುದು. ಹಿಂದೆ ಎರಡು ಸಂಸ್ಥಾನಗಳ ಗಡಿ ಹಾದುಹೋಗಿದ್ದ ಸ್ಥಳ ಅದು.

ಹಳ್ಳಿಯ ಬಸ್ಸಿಗೂ ಇದೇ ಲೆಕ್ಕ ಅನ್ವಯಿಸುವುದು. ಗಂಟೆಗೊಮ್ಮೆ ಕೂಟವಾದರೆ, ನಿಲ್ಲುವ ಹತ್ತು ನಿಮಿಷಗಳನ್ನು ಕಳೆದು, ಹೋಗಿ ಬರುವುದಕ್ಕೆ ಐವತ್ತು ನಿಮಿಷ. ಒಂದು ದಿಕ್ಕಿಗೆ ಇಪ್ಪತ್ತೈದು. ಗಂಟೆಗೆ ಮೂವತ್ತು ಕಿಲೋಮೀಟರ್ ಓಡುವ ಬಸ್ಸಿಗೆ ಇದು ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ಅದಕ್ಕಿಂತ ದೂರದ ಹಳ್ಳಿಗೆ ಎರಡು ಗಂಟೆಗೊಂದು ಸುತ್ತು ಬೀಳುವುದು. ಹದಿನೆಂಟು ಕಿಲೋಮೀಟರ್ ದೂರದಲ್ಲಿರುವ ಹಳ್ಳಿಯ ಪಾಡೇನು? ಒಂದು ಗಂಟೆಯಲ್ಲಿ ಹೋಗಿಬರಲಾಗದು. ಎರಡು ಗಂಟೆಯಲ್ಲಾದರೆ ಬಸ್ಸು ಬಹಳ ಹೊತ್ತು ಸುಮ್ಮನೆ ನಿಲ್ಲುವುದು. ಇಲ್ಲಿಯೇ ಒಂದು ಅನುಕೂಲ ಅಡಗಿದೆ. ಈ ಸೀಮೆಯ ನೀರಾವರಿಯ ಊರುಗಳಲ್ಲಿ ಬಹು ಮಂದಿ ಒಕ್ಕಲಿಗರು ಊರ ನಡುವೆ ಇರದೆ ತಮ್ಮ ತೋಟಗಳಲ್ಲಿಯೇ ಮನೆ ಕಟ್ಟಿಕೊಂಡಿದ್ದಾರೆ. ಬಸ್ಸು ಊರ ಅಗಸೆಯಲ್ಲಿ ತಿರುಗುವುದರಿಂದ ತೋಟದ ಮಕ್ಕಳು ಎರಡು ಮೂರು ಕಿಲೋಮೀಟರ್ ನಡೆದು ಬರಬೇಕು. ಸುಮ್ಮನೆ ನಿಲ್ಲತಕ್ಕ ಬಸ್ಸನ್ನು ಆ ತೋಟಗಳ ರಸ್ತೆಗೆ ಮುಂದುವರಿಸಿದರೆ ಯಾರಿಗೂ ನಷ್ಟವಿಲ್ಲ. ನಡಿಗೆಯ ದಾರಿ ಉದ್ದವಾದಷ್ಟೂ ಹೆಣ್ಣುಮಕ್ಕಳ ವಿದ್ಯಾಭ್ಯಾಸ ಬೇಗ ನಿಲ್ಲುವುದೆಂಬುದು ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಹಾಜರಿಯ ಪುಸ್ತಕದಿಂದಲೇ ತಿಳಿಯುವ ವಿಷಯ. ಬಸ್ಸಿನ ಸಂಬಂಧವಾಗಿ ಮನೆಯ ಹಿರಿಯರು ಹೇಳುವ ಕಾರಣ ಯಾವಾಗಲೂ ಒಂದೇ: ಕತ್ತಲಾಗುವುದರೊಳಗೆ ಮಗಳು ಮನೆ ಸೇರಬೇಕು.

ಚೀಟಿಯ ಪ್ರಶ್ನೆಯೂ ಉಂಟು. ಎರಡು ಬಸ್ಸುಗಳಲ್ಲಿ ಹೋಗುವವನು ಎರಡು ಚೀಟಿಗಳನ್ನು ಕೊಳ್ಳಬೇಕು. ಎರಡು ಸಲವೂ ಕನಿಷ್ಠ ದರದ ಹೊರೆ ಬೀಳುವುದು. ಆದ್ದರಿಂದ ಬದಲಾವಣೆಯಿಲ್ಲದ ನೇರವಾದ ಬಸ್ಸೇ ಬೇಕೆಂದು ಪ್ರತಿಯೊಂದು ಹಳ್ಳಿಯೂ ಅರ್ಜಿ ಕೊಡುತ್ತದೆ. ಅರ್ಜಿಗಳಿಗೆ ಮಣಿದು ನೇರ ಬಸ್ಸುಗಳನ್ನು ಹಂಚಿದರೆ ಒಂದೊಂದು ಹಳ್ಳಿಗೂ ದಿನಕ್ಕೆ ಒಂದೇ ಬಸ್ಸಿನಂತಾಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಈ ಲೆಕ್ಕವನ್ನು ವಿಚಿತ್ರವಾಗಿ ಬದಲಾಯಿಸಿದೆ. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ದರವಿಲ್ಲದಿರುವುದರಿಂದ ಒಂದು ಬಸ್ಸಾದರೇನು, ಮೂರು ಬಸ್ಸಾದರೇನು, ಅವರಿಗೆ ಖರ್ಚು ಒಂದೇ. ಅಂದರೆ ಏನೂ ಇಲ್ಲ. ಬನಹಟ್ಟಿಗೆ ಕಂಡಿಕೆ ಸುತ್ತುವ ಕೆಲಸಕ್ಕೆ ಹೋಗುವ ಹೆಂಗಸಿಗೆ ಬಸ್ಸು ಬದಲಾಯಿಸುವುದರಿಂದ ಆಗುವ ನಷ್ಟವೆಲ್ಲ ಈಗ ಹೊತ್ತಿನ ನಷ್ಟವೇ. ಕೂಟದ ಪದ್ಧತಿ ಉಳಿಸುವುದೂ ಹೊತ್ತನ್ನೇ. ಹೀಗಿರಲು, ಈ ಪದ್ಧತಿಗೆ ಇಂದಿನಷ್ಟು ಅನುಕೂಲವಾದ ಕಾಲ ಹಿಂದೆ ಬಂದಿರಲಿಲ್ಲವೆನ್ನಬಹುದು. ಗಂಡಸರಿಗೆ ಮಾತ್ರ ಎರಡು ಚೀಟಿಯ ಬಾಧೆ ಉಳಿದಿದೆ; ಮುಂದಿನ ಬಸ್ಸಿನಲ್ಲಿ ಮೊದಲ ಚೀಟಿಯನ್ನು ತೋರಿಸಿದರೆ ಉಳಿದ ದೂರದ ದರವನ್ನಷ್ಟೇ ತೆಗೆದುಕೊಳ್ಳುವ ನಿಯಮ ಮಾಡಿದರೆ ಅದೂ ತೀರುವುದು. ಚೀಟಿ ಕೊಡುವ ಯಂತ್ರಗಳು ಕಂಡಕ್ಟರರ ಕೈಯಲ್ಲಿ ಈಗಾಗಲೇ ಇರುವುದರಿಂದ ಇದು ಕಷ್ಟವಾಗಲಾರದು.

ಈ ಯೋಜನೆಯಿಂದ ಇನ್ನೊಂದು ಲಾಭವಾಗಿದೆ. ಅದನ್ನು ಬಹಳ ಮಂದಿ ಗಮನಿಸಿದಂತೆ ಕಾಣುವುದಿಲ್ಲ. ದರವಿಲ್ಲದಿದ್ದರೂ ಹೆಣ್ಣುಮಕ್ಕಳಿಗೆ ಶೂನ್ಯ ದರದ ಚೀಟಿಯನ್ನು ಕೊಡಲಾಗುತ್ತದೆ. ಅದರಲ್ಲಿ ಹತ್ತಿದ ಊರೂ ಇಳಿಯುವ ಊರೂ ನಮೂದಾಗುತ್ತವೆ. ಯಾರು ಎಲ್ಲಿಂದ ಎಲ್ಲಿಗೆ ಯಾವ ಹೊತ್ತಿನಲ್ಲಿ ಹೋಗುವರೆಂಬುದನ್ನು ತಿಳಿಯಲು ಬೇರೆ ದೇಶಗಳಲ್ಲಿ ಹಣ ಸುರಿದು ಸಮೀಕ್ಷೆಗಳನ್ನು ನಡೆಸುವರು. ನಮ್ಮಲ್ಲಿ ಆ ಲೆಕ್ಕ ದಿನದಿನವೂ ತಾನಾಗಿಯೇ ಬರೆಯಲ್ಪಡುತ್ತಿದೆ. ಜಮಖಂಡಿ, ಮುಧೋಳ, ಬೀಳಗಿಯ ಬಸ್ಸುಗಳ ಒಂದು ತಿಂಗಳ ಚೀಟಿಗಳನ್ನು ಒಟ್ಟುಗೂಡಿಸಿ ನೋಡಿದರೆ ಯಾವ ಕೂಟ ಯಾವ ಗಂಟೆಗೆ ಬೇಕೆಂಬುದು ಅಂಗೈಯ ನೆಲ್ಲಿಕಾಯಿಯಂತೆ ಕಾಣುವುದು.

ಬೀಳಗಿಯ ಮಾತು ಸ್ವಲ್ಪ ಬೇರೆ. ಅಲ್ಲಿಯವರಿಗೆ ನಗರವೆಂದರೆ ಬಾಗಲಕೋಟೆ. ಆ ನಗರವಾದರೋ ಆಲಮಟ್ಟಿಯ ನೀರಿನಿಂದಾಗಿ ಹಂಚಿಹೋಗಿದೆ. ಹಳೆಯ ಪೇಟೆ ಒಂದೆಡೆ, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರ ಕೆಲವು ಮೈಲು ದೂರದಲ್ಲಿ, ಕಾಲೇಜುಗಳ ವಿದ್ಯಾಗಿರಿ ನಡುವೆ. ಜಿಲ್ಲೆಯ ಕಚೇರಿಗಳು ನವನಗರದಲ್ಲಿವೆ. ಬೀಳಗಿಯ ಕಡೆಯಿಂದ ಗದ್ದನಕೇರಿ ಕ್ರಾಸಿನ ಮೇಲೆ ಬರುವ ಬಸ್ಸು ಮೊದಲು ನವನಗರವನ್ನು ಮುಟ್ಟಿ, ಅನಂತರ ಹಳೆಯ ಪೇಟೆಯ ಕಡೆಗೆ ಹೋಗಬಹುದು. ಅದೇ ದಾರಿಯಲ್ಲಿ ನಗರಸಾರಿಗೆಯ ಬಸ್ಸುಗಳೂ ಓಡಾಡುತ್ತವೆ. ಎರಡೂ ಒಂದೇ ಸಂಸ್ಥೆಯವೇ ಆದ್ದರಿಂದ ಹಳ್ಳಿಯ ಬಸ್ಸು ನಗರದೊಳಗಿನ ಎಲ್ಲ ನಿಲುಗಡೆಗಳಲ್ಲಿಯೂ ನಿಂತು ಜನರನ್ನು ಹತ್ತಿಸಿಕೊಂಡರೆ ನಗರದವರಿಗೆ ಬಸ್ಸು ಹೆಚ್ಚಾಯಿತು, ಹಳ್ಳಿಯವರಿಗೆ ಬದಲಾಯಿಸುವ ಕಷ್ಟ ತಪ್ಪಿತು. ಮುಳುಗಡೆಯಲ್ಲಿ ಊರನ್ನು ಕಳೆದುಕೊಂಡು ಪುನರ್ವಸತಿಯ ಹಳ್ಳಿಗಳಿಗೆ ಬಂದವರು ಬೀಳಗಿಯ ಸುತ್ತ ಬಹಳ. ಹಳೆಯ ಊರಿನಲ್ಲಿದ್ದ ನೆಂಟಸ್ತಿಕೆಯ ದಾರಿಗಳೂ ಸಂತೆಯ ದಾರಿಗಳೂ ನೀರಿನಡಿ ಹೋದುವು. ಹೊಸ ದಾರಿಗಳನ್ನು ಬಸ್ಸೇ ಕಟ್ಟಿಕೊಡಬೇಕು.

ಜೋಡಣೆಯನ್ನು ಅರ್ಧ ಮಾಡಿ ಬಿಟ್ಟರೆ ಏನಾಗುವುದೆಂಬುದಕ್ಕೆ ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸುಗಳ ದಾರಿಯನ್ನು ನೋಡಬಹುದು. ಅವಳಿ ನಗರಗಳ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ದಾರಿ, ರಸ್ತೆಯ ಮಧ್ಯದಲ್ಲಿ ನಿಲ್ದಾಣಗಳು, ಹತ್ತುವ ಮೊದಲೇ ಚೀಟಿ, ಬಸ್ಸಿನ ನೆಲಕ್ಕೆ ಸಮನಾದ ಜಗುಲಿ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಿ, 2020ರ ಫೆಬ್ರುವರಿ 2ರಂದು ವಿಧ್ಯುಕ್ತವಾಗಿ ಆರಂಭವಾದ ಈ ಬಸ್ಸಿಗೆ ಚಿಗರಿಯೆಂದು ಹೆಸರಿಟ್ಟರು, ಒಳ್ಳೆಯ ಹೆಸರು. ಜಮಖಂಡಿ ಮುಧೋಳಗಳ ಕಡೆಯಿಂದ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗುವ ರೋಗಿ ಊರಿನ ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು, ಜನ ಕಿಮ್ಸ್ ಎಂದು ಕರೆಯುವ ಆಸ್ಪತ್ರೆಗೆ ಚಿಗರಿಯಲ್ಲಿ ಹೋಗಬಹುದು; ಆಸ್ಪತ್ರೆಯ ಮುಂದೆಯೇ ನಿಲುಗಡೆಯಿದೆ. ಇಷ್ಟರಮಟ್ಟಿಗೆ ಜೋಡಣೆ ಚೆನ್ನಾಗಿದೆ. ಆದರೆ ಚಿಗರಿ ಹವಾನಿಯಂತ್ರಿತ ಬಸ್ಸು. ಶಕ್ತಿ ಯೋಜನೆ ಅಂಥ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ನೂರಾರು ಕಿಲೋಮೀಟರ್ ದೂರವನ್ನು ದರವಿಲ್ಲದೆ ಬಂದ ಹೆಂಗಸು ಕೊನೆಯ ನಾಲ್ಕು ಹೆಜ್ಜೆಗೆ ಬೇರೆ ಚೀಟಿ ಕೊಳ್ಳಬೇಕು. ದರ ದೊಡ್ಡದಲ್ಲ, ಎರಡು ವ್ಯವಸ್ಥೆಗಳೂ ಒಂದನ್ನೊಂದು ಅರಿಯವೆಂಬುದೇ ಇಲ್ಲಿಯ ಕೊರತೆ. ಮೈಸೂರಿನಲ್ಲಿಯೂ ನಗರದ ಬಸ್ಸುಗಳ ನಿಲ್ದಾಣ ಒಂದೆಡೆ, ಉಪನಗರ ಬಸ್ಸುಗಳ ನಿಲ್ದಾಣ ಇನ್ನೊಂದೆಡೆ ಇದ್ದು, ಗಂಟುಮೂಟೆ ಹೊತ್ತವರು ನಡುವೆ ಆಟೋದವರೊಡನೆ ಚೌಕಾಶಿ ಮಾಡುವುದನ್ನು ನಮ್ಮ ಶ್ರೋತೃಗಳು ಕಂಡೇ ಇದ್ದಾರೆ.

ಇಷ್ಟು ಸುಲಭವಾದುದನ್ನು ಏಕೆ ಮಾಡಿಲ್ಲವೆಂದು ಕೇಳಬಹುದು. ಒಂದು ಕಾರಣ ಲೆಕ್ಕ ಬರೆಯುವ ರೀತಿಯಲ್ಲಿದೆ. ಬಸ್ಸಿನ ಯೋಗ್ಯತೆಯನ್ನು ಕಿಲೋಮೀಟರಿಗೆ ಎಷ್ಟು ರೂಪಾಯಿ ಬಂದಿತೆಂಬುದರಿಂದ ಅಳೆಯುವುದು ವಾಡಿಕೆ. ಹಳ್ಳಿಯ ಬಸ್ಸು ಹನ್ನೆರಡು ಜನರನ್ನು ತಂದು ಜಮಖಂಡಿಯಲ್ಲಿ ಇಳಿಸಿತು. ಆ ಹನ್ನೆರಡು ಜನರೂ ಅಲ್ಲಿಂದ ವಿಜಾಪುರಕ್ಕೋ ಹುಬ್ಬಳ್ಳಿಗೋ ಹೋದರು. ಅವರ ದೊಡ್ಡ ಚೀಟಿಯ ಹಣ ದೂರದ ಬಸ್ಸಿನ ಖಾತೆಗೆ ಹೋಯಿತು. ಹಳ್ಳಿಯ ಬಸ್ಸಿನ ಖಾತೆಯಲ್ಲಿ ನಷ್ಟವೆಂದು ಬರೆಯಲಾಯಿತು. ಮುಂದಿನ ವರ್ಷ ನಷ್ಟದ ಬಸ್ಸನ್ನು ನಿಲ್ಲಿಸಿದರೆ ದೂರದ ಬಸ್ಸಿನಲ್ಲಿ ಹನ್ನೆರಡು ಆಸನಗಳು ಬರಿದಾಗುವುವು. ಅದಕ್ಕೆ ಕಾರಣ ಯಾರಿಗೂ ತಿಳಿಯದು. ಕಾಲುವೆಯನ್ನು ಮುಚ್ಚಿ ಕೆರೆ ಬತ್ತಿತೆಂದು ಹಲುಬಿದಂತೆ ಇದು. ಇನ್ನೊಂದು ಕಾರಣ ಡಿಪೋಗಳ ಸ್ವಾತಂತ್ರ್ಯ. ಒಂದೊಂದು ಡಿಪೋವೂ ತನ್ನ ಬಸ್ಸು, ತನ್ನ ಸಿಬ್ಬಂದಿ, ತನ್ನ ಕೆಲಸದ ಗಂಟೆಗಳನ್ನು ನೋಡಿಕೊಂಡು ವೇಳೆಯನ್ನು ಗೊತ್ತುಮಾಡುವುದು. ನೆರೆಯ ಡಿಪೋದ ಬಸ್ಸು ಎಷ್ಟು ಹೊತ್ತಿಗೆ ಬರುವುದೆಂಬುದು ಅದರ ಚಿಂತೆಯಲ್ಲ. ಹಳೆಯ ಸಂಸ್ಥಾನಗಳ ಗಡಿಗಳು ಅಳಿಸಿಹೋದರೂ ಅವುಗಳ ನೆರಳು ವೇಳಾಪಟ್ಟಿಯ ಮೇಲೆ ಬಿದ್ದಂತೆ ತೋರುತ್ತದೆ.

ನಿಜವಾದ ಅಡಚಣೆಗಳೂ ಇಲ್ಲದಿಲ್ಲ. ಕೂಟದ ಹೊತ್ತಿನಲ್ಲಿ ನಿಲ್ದಾಣ ಕಿಕ್ಕಿರಿಯುವುದು, ಉಳಿದ ಹೊತ್ತಿನಲ್ಲಿ ಬರಿದಾಗಿರುವುದು; ಆದ್ದರಿಂದ ಬಸ್ಸುಗಳು ಒಟ್ಟಿಗೆ ನಿಲ್ಲಲು ಅಂಕಣಗಳು ಹೆಚ್ಚು ಬೇಕು. ದೀಪಾವಳಿಯ ಆಚೀಚೆ ಕಬ್ಬು ನುರಿಸುವ ಕಾಲ ಆರಂಭವಾಯಿತೆಂದರೆ ಎರಡೆರಡು ಗಾಡಿಗಳನ್ನು ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯ ತುಂಬ. ಅವುಗಳ ಹಿಂದೆ ಸಿಕ್ಕಿದ ಬಸ್ಸಿನ ವೇಗ ಎತ್ತಿನ ಗಾಡಿಯ ವೇಗ. ಹಾಗಾಗಿ ಕಬ್ಬಿನ ಕಾಲಕ್ಕೆ ಒಂದು, ಉಳಿದ ಕಾಲಕ್ಕೆ ಒಂದು, ಎರಡು ವೇಳಾಪಟ್ಟಿಗಳನ್ನು ಇಡಬೇಕು. ನದಿಗಳು ಉಕ್ಕಿದಾಗ ಸೇತುವೆಗಳು ಮುಳುಗಿ ದಾರಿಯೇ ಕಡಿದುಹೋಗುವುದು. 2019ರ ಆಗಸ್ಟಿನಲ್ಲಿ ಕೃಷ್ಣಾ ಘಟಪ್ರಭಾಗಳೆರಡೂ ಒಮ್ಮೆಗೇ ಏರಿದ್ದನ್ನು ಈ ಸೀಮೆಯವರು ಮರೆತಿಲ್ಲ. ಅಂಥ ದಿನಗಳಲ್ಲಿ ಯಾವ ಬಸ್ಸು ಎಲ್ಲಿಗೆ ಹೋಗಿ ತಿರುಗುವುದೆಂಬುದನ್ನು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿ ನಿಲ್ದಾಣದಲ್ಲಿ ಅಂಟಿಸುವುದು ಯುಕ್ತ.

ಒಂದು ಬಸ್ಸು ತಡವಾದರೆ ಉಳಿದವು ಎಷ್ಟು ಹೊತ್ತು ಕಾಯಬೇಕು? ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಇದು. ಹಗಲಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕಾಯತಕ್ಕದ್ದಲ್ಲ. ಕಾದರೆ ತಡ ಸೀಮೆಗೆಲ್ಲ ಹರಡುವುದು, ಮುಂದಿನ ಊರಿನ ಕೂಟವೂ ಕೆಡುವುದು. ತಪ್ಪಿಸಿಕೊಂಡವನಿಗೆ ಮುಂದಿನ ಗಂಟೆಯ ಬಸ್ಸು ಇದ್ದೇ ಇರುವುದು. ಸಂಜೆಯ ಕೊನೆಯ ಕೂಟಕ್ಕೆ ಮಾತ್ರ ಈ ನಿಯಮ ಸಲ್ಲದು. ವಸ್ತಿ ಬಸ್ಸುಗಳು ಹಳ್ಳಿಗಳಿಗೆ ಹೊರಡುವ ಆ ಹೊತ್ತಿನಲ್ಲಿ ಬನಹಟ್ಟಿಯಿಂದಲೋ ಮುಧೋಳದಿಂದಲೋ ಬರುತ್ತಿರುವ ಬಸ್ಸಿನಲ್ಲಿ ಮಗ್ಗದ ಕೆಲಸ ಮುಗಿಸಿದ ಹೆಂಗಸರೂ ಕಾಲೇಜಿನ ಹುಡುಗಿಯರೂ ಇರುವರು. ಅವರು ಇಳಿಯುವುದರೊಳಗೆ ವಸ್ತಿ ಬಸ್ಸು ಹೊರಟುಹೋದರೆ ಅವರಿಗೆ ರಾತ್ರಿಯೆಲ್ಲ ನಿಲ್ದಾಣವೇ ಗತಿ, ಇಲ್ಲವೆ ದುಬಾರಿ ಬಾಡಿಗೆಯ ಗಾಡಿ. ವಸ್ತಿ ಬಸ್ಸು ಹೇಗೂ ಹಳ್ಳಿಯಲ್ಲಿ ಮಲಗುವುದಕ್ಕೆ ಹೋಗತಕ್ಕದ್ದು. ಇಪ್ಪತ್ತು ನಿಮಿಷ ತಡವಾಗಿ ಮಲಗಿದರೆ ಮುಂದಿನ ಯಾವ ಕೂಟವೂ ಕೆಡುವುದಿಲ್ಲ. ಆದ್ದರಿಂದ ಅದು ಕಾದೇ ಹೊರಡಬೇಕು. ಬರುತ್ತಿರುವ ಬಸ್ಸಿನ ಕಂಡಕ್ಟರನು ದಾರಿಯಿಂದಲೇ ನಿಲ್ದಾಣದ ಕಂಟ್ರೋಲರಿಗೆ ಕೈಫೋನಿನಲ್ಲಿ ಎಷ್ಟು ಜನ ಯಾವ ಹಳ್ಳಿಗೆ ಎಂದು ತಿಳಿಸಿದರೆ ಸಾಕು. ಇದನ್ನು ಡಿಪೋದ ಔದಾರ್ಯಕ್ಕೆ ಬಿಡದೆ ಲಿಖಿತವಾದ ನಿಯಮವನ್ನಾಗಿ ಮಾಡಿ, ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಎಲ್ಲ ಊರುಗಳಿಗೂ ಒಮ್ಮೆಗೇ ಈ ಪದ್ಧತಿಯನ್ನು ತರಲು ಸಂಸ್ಥೆಗೆ ಧೈರ್ಯ ಸಾಲದಿದ್ದರೆ ಜಮಖಂಡಿಯ ನಿಲ್ದಾಣದಲ್ಲಿ ಸಂಜೆಯ ಈ ಒಂದು ಕೂಟದಿಂದಲೇ, ಕಬ್ಬಿನ ಕಾಲ ಮುಗಿದ ಮೇಲೆ, ಆರಂಭಿಸಬಹುದು.